ಹನುಮವ್ವನ ಹೂವು ಮತ್ತು ಭಾನುವಾರದ ಮೆಗಾಬ್ಲಾಕ್

ನಮ್ಮ ಬಿಲ್ಡಿಂಗಿನ ಹೈಕೋರ್ಟು ಮೆಟ್ಟಿಲ ಕೆಳಗಿದೆ. ನ್ಯಾಯಾಧೀಶರು ಅಂಗೈಯಗಲದ ಒಂದು ಕರಿಕಲ್ಲು, ಹೆಸರು ದುರ್ಗವ್ವ. ಪೇಷ್ಕಾರ, ವಕೀಲ, ಜವಾನ, ಕಸ ಗುಡಿಸುವವಳು ಎಲ್ಲ ಒಬ್ಬಳೇ, ಹನುಮವ್ವ. ಈ ಬರಹ ಅವಳ ಬಗ್ಗೆ. ಅವಳಿಗೆ ಓದಲು ಬರುವುದಿಲ್ಲವಾದ್ದರಿಂದ ನಾನು ಧೈರ್ಯವಾಗಿ ಬರೆಯುತ್ತಿದ್ದೇನೆ. ಓದಿ ಹೇಳುವ ಚಾಡಿಕೋರರು ಬಿಲ್ಡಿಂಗಿನಲ್ಲಿ ಬೇಕಾದಷ್ಟು ಇದ್ದಾರೆ, ಇರಲಿ.

ನಾನು ವಿನೋದಿನಿ, ಮೂರನೆಯ ಮಾಳಿಗೆಯವಳು. ಜೂನಿಯರ್ ಕಾಲೇಜಿನಲ್ಲಿ ಲಾಜಿಕ್ ಕಲಿಸಿ ನಿವೃತ್ತಳಾದೆ. ದೇವರ ವಿಷಯದಲ್ಲಿ ನನಗೆ ನಂಬಿಕೆ ಕಡಿಮೆ, ನೀರಿನ ವಿಷಯದಲ್ಲಿ ಸಿಟ್ಟು ಜಾಸ್ತಿ. ಬಿಲ್ಡಿಂಗು ಮುಂಬೈಯ ಸಯನ್ ಸ್ಟೇಷನ್ನಿಗೆ ಎಷ್ಟು ಹತ್ತಿರವೆಂದರೆ ಹಿಂದಿನ ಗೋಡೆಗೂ ಇಲ್ಲಿ ನಿಲ್ಲದೆ ಓಡುವ ಫಾಸ್ಟ್ ಲೋಕಲ್ ರೈಲಿನ ಹಳಿಗೂ ನಡುವೆ ಒಂದು ನುಗ್ಗೆ ಮರ ಮಾತ್ರ. ಫಾಸ್ಟ್ ಗಾಡಿ ಹೋದಾಗ ಕಪಾಟಿನೊಳಗಿನ ಲೋಟಗಳು ಮಾತಾಡುತ್ತವೆ. ಹೊಸ ನೆಂಟರು ಹೆದರಿ ಮಂಚ ಹಿಡಿದುಕೊಳ್ಳುತ್ತಾರೆ, ನಾವು ಚಹಾ ಕುಡಿಯುತ್ತಿರುತ್ತೇವೆ.

ಹನುಮವ್ವ ಶಹಾಪುರದ ಕಡೆಯವಳು. ಮದುವೆಯಾದ ಹೊಸದರಲ್ಲಿ ಗಂಡನ ಜೊತೆ ಕಟ್ಟಡದ ಕೆಲಸಕ್ಕೆಂದು ಮುಂಬೈಗೆ ಬಂದಳು. ವಡಾಲದಲ್ಲಿ ಒಂದು ಪಾಯ ತೋಡುವಾಗ ಈ ಕಲ್ಲು ಸಿಕ್ಕಿತು. ಕೂಲಿಗಳ ಮೇಲ್ವಿಚಾರಕ ಮುಕಾದಮ ಅದನ್ನು ಕಾಂಕ್ರೀಟಿಗೆ ಹಾಕು ಅಂದ. ಇವಳು ಅದಕ್ಕೆ ಕಣ್ಣು ಮೂಗು ಇದೆ ಎಂದು ಹಟ ಹಿಡಿದು ಬಾಂಡ್ಲಿಯಲ್ಲಿಟ್ಟುಕೊಂಡು ಬಸ್ ಹತ್ತಿದಳು. ಕಂಡಕ್ಟರ್ ಲಗೇಜಿನ ಟಿಕೆಟ್ ಕೇಳಿದನಂತೆ. "ಇದು ಲಗೇಜ್ ಅಲ್ಲ, ಹೆಣ್ಣದೇವರು" ಎಂದು ಲೇಡೀಸ್ ಸೀಟಿನಲ್ಲೇ ಪಕ್ಕಕ್ಕೆ ಕೂರಿಸಿಕೊಂಡು ಬಂದಳಂತೆ. ಗಂಡ ತೀರಿಕೊಂಡ ಮೇಲೆ ನಮ್ಮ ಬಿಲ್ಡಿಂಗಿನ ಮೆಟ್ಟಿಲು ಗುಡಿಸುವ ಕೆಲಸ ಹಿಡಿದಳು. ಬೆಳಿಗ್ಗೆ ದಾದರ್ ಮಾರ್ಕೆಟ್ಟಿನಿಂದ ಹೂ ತಂದು ಕಟ್ಟಿ ಮಾರುತ್ತಾಳೆ. ಎರಡನೆಯ ಮಾಳಿಗೆಯ ಮೂಲೆಯ ಖೋಲಿಯಲ್ಲಿ ಶ್ರೀಮಂತ ಎಂಬ ಹೆಸರಿನ ಮಗನ ಜೊತೆ ವಾಸ. ಅವನು ಎಸಿ ರಿಪೇರಿ ಮಾಡುತ್ತಾನೆ, ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು.

ಅವಳನ್ನು ಸಾಧ್ವಿ ಎಂದು ಯಾರಾದರೂ ತಿಳಿದರೆ ತಪ್ಪು. ನಳದ ಸರತಿಯಲ್ಲಿ ತನ್ನ ಕೊಡವನ್ನು ಎಲ್ಲರ ಮುಂದೆ ಇಟ್ಟು "ಇದು ಅವ್ವನ ಕೊಡ" ಎನ್ನುವುದು ಅವಳ ನಿತ್ಯದ ಅಭ್ಯಾಸ. ನನ್ನ ಮೇಲೆ ಮುನಿಸಿಕೊಂಡ ದಿನ ನನ್ನ ಬಾಗಿಲ ಮುಂದಿನ ಒಂದು ಮೆಟ್ಟಿಲು ಮಾತ್ರ ಬಿಟ್ಟು ಉಳಿದದ್ದೆಲ್ಲ ಫಳಫಳ ಹೊಳೆಯುವ ಹಾಗೆ ಗುಡಿಸುತ್ತಾಳೆ. ಆದರೂ ಬಿಲ್ಡಿಂಗಿನಲ್ಲಿ ಜಗಳವಾದರೆ ಮಂದಿ ಹೋಗುವುದು ಅವಳ ಹತ್ತಿರವೇ. ಪೊಲೀಸ್ ಚೌಕಿಗೆ ಹೋದರೆ ಎರಡೂ ಕಡೆಯವರಿಗೆ ಬೈಗುಳ ಬೀಳುತ್ತದೆ, ದುರ್ಗವ್ವನ ಹತ್ತಿರ ಒಂದೇ ಕಡೆಗೆ.

ಕ್ರಮ ಇಷ್ಟು. ಹನುಮವ್ವ ಎರಡು ಶೇವಂತಿಗೆಗಳನ್ನು ಗಂಧ ಹಚ್ಚಿ ಕಲ್ಲಿನ ಬಲಕ್ಕೊಂದು, ಎಡಕ್ಕೊಂದು ಅಂಟಿಸುತ್ತಾಳೆ. ಪ್ರಶ್ನೆ ಕೇಳುತ್ತಾಳೆ. ಬಲಗಡೆಯ ಹೂ ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಇಲ್ಲ. ಹೂ ಅಂಟಿಸುವ ಮುಂಚೆ ಎರಡೂ ಕಡೆಯವರನ್ನು ಕೂರಿಸಿಕೊಂಡು ಕೆದಕಿ ಕೆದಕಿ ಕೇಳುತ್ತಾಳೆ. ಯಾರು ಮೊದಲು ಕೈ ಮಾಡಿದ್ದು, ಆ ಹೊತ್ತಿಗೆ ಗ್ಯಾಸಿನ ಮೇಲೆ ಏನಿತ್ತು, ಅದನ್ನು ಇಳಿಸಿದವರು ಯಾರು. ಕೇಳಿ ಮುಗಿದ ಮೇಲೆ ಹೂ. ಅಷ್ಟರಲ್ಲಿ ಒಂದು ಫಾಸ್ಟ್ ಲೋಕಲ್ ಗೋಡೆ ನಡುಗಿಸಿಕೊಂಡು ಹೋಗುತ್ತದೆ, ಒಂದು ಹೂ ಬೀಳುತ್ತದೆ, ಮಂದಿ ಕೈ ಮುಗಿಯುತ್ತಾರೆ.

ಲಾಜಿಕ್ ಕಲಿಸಿದವಳು ಎಷ್ಟು ದಿನ ಸುಮ್ಮನಿರಲಿ? ಹತ್ತಿರ ಕೂತು ನೋಡಿದೆ. ಗಂಧ ದಪ್ಪಗಿದ್ದ ಹೂ ಅಂಟಿಕೊಂಡಿರುತ್ತದೆ, ತೆಳ್ಳಗಿದ್ದದ್ದು ಗಾಡಿ ಬಂದಾಗ ಬೀಳುತ್ತದೆ. ಯಾವುದಕ್ಕೆ ತೆಳ್ಳಗೆ ಎಂಬುದು ಹನುಮವ್ವನ ಹೆಬ್ಬೆರಳಿನ ಕೆಲಸ. ಮೋಸ ಎನ್ನಲು ಮನಸ್ಸು ಬರಲಿಲ್ಲ. ವಿಚಾರಣೆಯಲ್ಲಿ ಅವಳಿಗೆ ಯಾರ ಮಾತು ಸರಿ ಕಂಡಿತೋ ಆ ಕಡೆಗೆ ಬೆರಳು ತಾನಾಗಿ ಹಗುರಾಗುತ್ತದೆ, ಅವಳಿಗೇ ಗೊತ್ತಾಗುವುದಿಲ್ಲ ಎಂದು ನಾನು ತೀರ್ಮಾನಿಸಿಕೊಂಡೆ. ಒಮ್ಮೆ ಕೆಣಕಿದೆ, "ಹೂ ಬೀಳಿಸುವುದು ನಿನ್ನ ದೇವಿಯಲ್ಲ ಹನುಮವ್ವ, ಕಲ್ಯಾಣ್ ಫಾಸ್ಟ್."

"ಆ ಗಾಡಿ ಯಾರು ಓಡಸ್ತಾರ್ರೀ ಟೀಚರ್?" ಅಂದಳು.

"ಮೋಟರ್‌ಮನ್."

"ಅವನ್ನ ಯಾರು ಓಡಸ್ತಾರ?" ಎಂದು ಕೇಳಿ, ಗೆದ್ದವಳ ಹಾಗೆ ಹೂ ಕಟ್ಟುವುದನ್ನು ಮುಂದುವರಿಸಿದಳು.

ಮಧ್ಯಾಹ್ನ ಅವಳು ಮೆಟ್ಟಿಲ ಮೇಲೆ ಕೂತು ಹೂ ಕಟ್ಟುವಾಗ ನಾನೂ ಕೆಳಗಿಳಿಯುತ್ತೇನೆ. ಸಮಯ ಕಳೆಯಲು ಅವಳಿಗೆ ಕಥೆ ಬೇಕು, ನನಗೆ ಕೇಳುವ ಕಿವಿ ಬೇಕು. ಕಾಲೇಜಿನ ಮಕ್ಕಳಿಗಂತೂ ಆ ಕಿವಿ ಇರಲಿಲ್ಲ. ಹಾಗೊಂದು ದಿನ ಗ್ರೀಸ್ ದೇಶದ ಸಾಕ್ರಟೀಸನ ವಿಷಯ ಹೇಳಿದೆ. ಅಥೆನ್ಸ್ ಪಟ್ಟಣದಲ್ಲಿ ಬರಿಗಾಲಲ್ಲಿ ಓಡಾಡುತ್ತ ಕಂಡಕಂಡವರನ್ನು ಪ್ರಶ್ನೆ ಕೇಳುತ್ತಿದ್ದ ಮುದುಕ. ಒಂದು ದಿನ ಕೋರ್ಟಿನ ಹತ್ತಿರ ಒಬ್ಬ ಸಿಕ್ಕ. ಅವನು ತನ್ನ ಹೆತ್ತ ಅಪ್ಪನ ಮೇಲೆಯೇ ಕೇಸು ಹಾಕಲು ಹೊರಟಿದ್ದ. ಅಪ್ಪ ಒಬ್ಬ ಕೂಲಿಯಾಳನ್ನು ಕಟ್ಟಿ ಗುಂಡಿಗೆ ಹಾಕಿಸಿ ಮರೆತುಬಿಟ್ಟಿದ್ದ, ಆಳು ಸತ್ತುಹೋದ. ಮನೆಯವರೆಲ್ಲ ಅಪ್ಪನ ಮೇಲೆ ಕೇಸು ಹಾಕುವುದು ಪಾಪ ಎಂದರು. ಇವನು ಇದೇ ದೇವರಿಗೆ ಒಪ್ಪುವ ಕೆಲಸ ಎಂದ. ಹಾಗಿದ್ದರೆ ದೈವಭಕ್ತಿ ಎಂದರೇನು ಹೇಳಪ್ಪ ಎಂದು ಸಾಕ್ರಟೀಸ್ ಹಿಡಿದುಕೊಂಡ.

"ದೇವರಿಗೆ ಇಷ್ಟ ಆದದ್ದೇ ಭಕ್ತಿ," ಎಂದಳು ಹನುಮವ್ವ, ದಾರ ಹಲ್ಲಿನಲ್ಲಿ ಕಚ್ಚಿಕೊಂಡು.

"ಅವನೂ ಅದನ್ನೇ ಹೇಳಿದ. ಆಗ ಮುದುಕ ಕೇಳಿದ, ಆ ಕೆಲಸ ಒಳ್ಳೆಯದು ಅಂತ ದೇವರಿಗೆ ಇಷ್ಟವೋ, ದೇವರಿಗೆ ಇಷ್ಟ ಅಂತ ಅದು ಒಳ್ಳೆಯದೋ?"

"ಆ ಮುದುಕಗ ಹೆಂಡ್ತಿ ಇರಲಿಲ್ಲೇನ್ರೀ? ಮನಿಯಾಗ ಏನೂ ಕೆಲಸ ಹೇಳ್ತಿರಲಿಲ್ಲೇನು?" ಅಂದಳು. ಇದ್ದಳು, ಆಕೆಯೂ ಇದನ್ನೇ ಕೇಳುತ್ತಿದ್ದಿರಬೇಕು ಎಂದೆ. ಸಾಕ್ರಟೀಸ್ ಮುಂದಕ್ಕೆ ಹೋಗಿ, ನ್ಯಾಯ ದೊಡ್ಡದು, ಭಕ್ತಿ ಅದರದೇ ಒಂದು ಭಾಗವಲ್ಲವೇ ಎಂದೂ ಕೇಳಿದ್ದನ್ನು ಹೇಳಿದೆ. ಮನುಷ್ಯರಿಗೆ ಸಲ್ಲಬೇಕಾದ್ದು ಒಂದು ಪಾಲು, ದೇವರಿಗೆ ಸಲ್ಲಬೇಕಾದ್ದು ಇನ್ನೊಂದು ಪಾಲು. ಆದರೆ ದೇವರಿಗೆ ನಮ್ಮಿಂದ ಆಗಬೇಕಾದ್ದೇನು ಎಂಬಲ್ಲಿಗೆ ಬಂದಾಗ ಆ ಮನುಷ್ಯನಿಗೆ ಉತ್ತರ ಹೊಳೆಯಲಿಲ್ಲ. ಹನುಮವ್ವನಿಗೆ ಅದು ರುಚಿಸಲಿಲ್ಲ. ಅಪ್ಪನ ಮೇಲೆ ಕೇಸು ಹಾಕುವವ ಮಗನೇ ಅಲ್ಲ ಎಂದು ತೀರ್ಪು ಕೊಟ್ಟು, ಮಾಲೆಯ ಗಂಟು ಬಿಗಿದು ಎದ್ದುಹೋದಳು.

ಇದಾದ ಸ್ವಲ್ಪ ದಿನಕ್ಕೆ ದುರ್ಗವ್ವ ಹಾಡತೊಡಗಿದಳು.

ಬೆಳಿಗ್ಗೆಯೂ ಸಂಜೆಯೂ ನೀರು ಬಿಡುವ ಹೊತ್ತಿಗೆ ಕಲ್ಲಿನ ಹಿಂದಿನಿಂದ ಊಂ ಎಂಬ ಸಣ್ಣ ಗುನುಗು ಕೇಳಿಸುತ್ತಿತ್ತು. ಅದೇ ಹೊತ್ತಿಗೆ ಎರಡನೆಯ ಮಾಳಿಗೆಯಲ್ಲಿ ಹನುಮವ್ವನ ನಳದಲ್ಲಿ ನೀರು ಧೋ ಎಂದು ಸುರಿಯತೊಡಗಿತು. ಅಲ್ಲಿಯವರೆಗೆ ಅವಳು ಕೆಳಗಿನ ನಳದಿಂದ ಕೊಡ ಹೊತ್ತು ಮೆಟ್ಟಿಲಿಗೊಮ್ಮೆ "ಅವ್ವಾ" ಎನ್ನುತ್ತ ಹತ್ತುತ್ತಿದ್ದಳು, ಮೊಣಕಾಲು ಸವೆದಿತ್ತು. ಈಗ ಇದು ಅವ್ವನ ಕೃಪೆ ಎಂದಳು. ದಿನಕ್ಕೊಂದು ಇದ್ದ ಅಭಿಷೇಕ ಎರಡಾಯಿತು. ಪಕ್ಕದ ಗಲ್ಲಿಯಿಂದ ಹೆಂಗಸರು ತೆಂಗಿನಕಾಯಿ ಹಿಡಿದು ಗುನುಗು ಕೇಳಲು ಬಂದರು. ನನ್ನ ನಳದಲ್ಲಿ ಮಾತ್ರ ನೂಲಿನಷ್ಟು ನೀರು. ಉಳಿದವರದೂ ಅದೇ ಪಾಡು.

ಯಾರೋ ಪೈಪಿಗೆ ಕಳ್ಳ ಮೋಟಾರು ಕೂರಿಸಿದ್ದಾರೆ ಎಂಬುದು ಎಲ್ಲರಿಗೂ ಅರ್ಥವಾಯಿತು. ಯಾರು ಎಂಬುದಕ್ಕೂ ತಡವಾಗಲಿಲ್ಲ. ಕೆಳ ಅಂತಸ್ತಿನ ಕೊರಗಪ್ಪ ಹೋಟೆಲುಗಳಲ್ಲಿ ರುಬ್ಬಿ ರುಬ್ಬಿ ವಯಸ್ಸಾದ ಮೇಲೆ ಈಗ ಮನೆಯಲ್ಲೇ ಇಡ್ಲಿ ಹಿಟ್ಟು ರುಬ್ಬಿ ಅಂಗಡಿಗಳಿಗೆ ಕೊಡುತ್ತಾನೆ. ಅವನ ಬಾಗಿಲಲ್ಲಿ ನೀಲಿ ಡ್ರಮ್ಮುಗಳು ಯಾವಾಗಲೂ ತುಂಬಿರುತ್ತವೆ. ಕಮಿಟಿಯ ಸೆಕ್ರೆಟರಿ ದೇವಾನಂದನಿಗೆ ಅಷ್ಟು ಸಾಕ್ಷಿ ಸಾಕಾಯಿತು. ಹನುಮವ್ವನ ನಳ ಅವ್ವನ ಕೃಪೆಯ ಖಾತೆಯಲ್ಲಿತ್ತು, ಆ ಕಡೆ ಯಾರೂ ಬೆರಳು ತೋರಿಸಲಿಲ್ಲ.

"ನಾನು ನಸುಕಿಗೇ ಎದ್ದು ಹಿಂದಿನ ಗಲ್ಲಿಯ ನಳದಿಂದ ಹೊತ್ತು ತರುವುದು ಮಾರಾಯ್ರೆ," ಎಂದ ಕೊರಗಪ್ಪ. "ಮೋಟಾರು ಉಂಟಾದ್ರೆ ನಾನ್ಯಾಕೆ ಹೊರ್ಬೇಕು? ಬಂದು ಹುಡುಕಿ, ಸಿಕ್ಕಿದ್ರೆ ಕೊಂಡು ಹೋಗಿ."

ಹುಡುಕಿದರು, ಸಿಗಲಿಲ್ಲ. ಅಡಗಿಸಿದ್ದಾನೆ ಎಂಬುದಕ್ಕೆ ಅದೇ ಪುರಾವೆ ಎಂದ ದೇವಾನಂದ. ಭಾನುವಾರ ಎಲ್ಲರಿಗೂ ರಜೆ, ದುರ್ಗವ್ವನಿಗೆ ಹೂ ಕೇಳೋಣ, ಅವಳು ಹೌದು ಎಂದರೆ ಅಲ್ಲೇ ಕೊರಗಪ್ಪನ ನಳ ಕತ್ತರಿಸೋಣ ಎಂದು ಪ್ಲಂಬರನಿಗೂ ಬರಹೇಳಿದ. ಹೊತ್ತು ತಂದ ನೀರಷ್ಟೇ ರುಬ್ಬಲು ಸಾಲದು, ನೀರಿಲ್ಲದೆ ಹಿಟ್ಟಿಲ್ಲ, ಹಿಟ್ಟಿಲ್ಲದೆ ಕೊರಗಪ್ಪನ ಒಲೆ ಉರಿಯುವುದಿಲ್ಲ. ಅವನು ನಗುತ್ತಲೇ ಓಡಾಡಿಕೊಂಡಿದ್ದ, ಆದರೆ ಆ ವಾರ ಅವನ ಹಿಟ್ಟು ಎರಡು ಸಲ ಹುಳಿ ಬಂತು.

ಶನಿವಾರ ಬೆಳಿಗ್ಗೆ ಮೆಟ್ಟಿಲ ಕೆಳಗಿನ ಮೀಟರ್ ಬೋರ್ಡಿನಲ್ಲಿ ಫ್ಯೂಸ್ ಹೋಯಿತು. ನಾನು ಮತ್ತು ಹನುಮವ್ವ ದೇವಿಯ ಮುಂದೆಯೇ ಇದ್ದೆವು, ಅವಳು ಪೂಜೆಗೆ, ನಾನು ಅವಳೊಡನೆ ಜಗಳಕ್ಕೆ. ದೀಪ ಆರಿತು. ಅದೇ ಗಳಿಗೆಗೆ ದುರ್ಗವ್ವನ ಗುನುಗೂ ನಿಂತಿತು. ಮೇಲಿನಿಂದ ಮೂರೂ ಮಾಳಿಗೆಯ ಹೆಂಗಸರು "ನೀರು ಬಂತು, ನೀರು ಬಂತು" ಎಂದು ಕೂಗಿದರು.

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಕರೆಂಟು ಹೋದರೆ ಮೌನವಾಗುವ ದೇವಿಯನ್ನು ನಂಬುವಷ್ಟು ಭಕ್ತಿ ಹನುಮವ್ವನಿಗೂ ಇರಲಿಲ್ಲ. ಪೀಠದ ಹಿಂದಿನ ಹಲಗೆ ಸರಿಸಿದಳು, ನಾನು ಮೊಬೈಲಿನ ಟಾರ್ಚ್ ಹಿಡಿದೆ. ಪೈಪಿಗೆ ಕೂರಿಸಿದ ಪುಟ್ಟ ಮೋಟಾರು. ಸದ್ದಾಗಬಾರದೆಂದು ಅದಕ್ಕೆ ಬಟ್ಟೆ ಸುತ್ತಿದ್ದರು. ಅದು ದಸರೆಗೆ ಅವಳೇ ದೇವಿಗೆ ಏರಿಸಿದ್ದ ಹಸಿರು ಖಣ. ವೈರಿಗೆ ಸುತ್ತಿದ್ದ ಹಳದಿ ಟೇಪು ಶ್ರೀಮಂತನ ಚೀಲದ್ದು, ಎಸಿಗೆ ಸುತ್ತುವಂಥದು.

ಅವಳು ಹಲಗೆಯನ್ನು ಮೊದಲಿನಂತೆ ಮುಚ್ಚಿ ಅಲ್ಲೇ ಕೂತಳು. ನಾನು ಸಿಟ್ಟಿನಲ್ಲಿ, ಈಗಲೇ ದೇವಾನಂದನನ್ನು ಕರೆಯೋಣ ಎಂದೆ. ಹೌದು, ಎರಡು ತಿಂಗಳಿನಿಂದ ನೂಲಿನಂಥ ನೀರಿನಲ್ಲಿ ಸ್ನಾನ ಮಾಡಿದವಳಿಗೆ ಕರುಣೆ ತಕ್ಷಣ ಬರುವುದಿಲ್ಲ. ಅವಳು ನನ್ನ ಕೈ ಹಿಡಿದು ಕೂರಿಸಿದಳು.

"ಟೀಚರ್, ಆ ಹುಡುಗ ಕೊನಿಗಿ ಅಪ್ಪನ ಮ್ಯಾಲ ಕೇಸ್ ಹಾಕಿದನೇನು?"

ಸಾಕ್ರಟೀಸನ ಕಥೆಯವನು ಎಂದು ಹೊಳೆಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. "ಗೊತ್ತಿಲ್ಲ ಹನುಮವ್ವ. ಮುದುಕನ ಪ್ರಶ್ನೆ ಜಾಸ್ತಿಯಾದ ಮೇಲೆ, ನನಗೆ ಬೇರೆ ಕೆಲಸ ಇದೆ ಅಂತ ಹೊರಟುಹೋದ."

"ಹಂಗಾದ್ರ ಕಥಿ ಮುಗದಿಲ್ಲ," ಎಂದಳು. ಕಣ್ಣೊರೆಸಿಕೊಂಡು, "ನಾ ಹೆತ್ತಾಕಿ. ನನ್ನ ಬಾಯಿಲೆ ಹೇಳಸಬ್ಯಾಡ್ರೀ. ನಾಳಿಗಿ ಅವ್ವ ಹೇಳ್ತಾಳ. ಕೊರಗಪ್ಪಣ್ಣಂದು ತಪ್ಪಿಲ್ಲ ಅಂತ ಅಕೀನೇ ಹೇಳ್ತಾಳ" ಎಂದಳು.

ಆ ಮುಖ ನೋಡಿ ದೇವಾನಂದನನ್ನು ಕರೆಯುವ ಮಾತು ಬಿಟ್ಟೆ. ಅವಳ ಹೆಬ್ಬೆರಳಿನ ಮೇಲೆ ನನಗೆ ನಂಬಿಕೆಯಿತ್ತು. ಎಡಗಡೆಯ ಹೂವಿಗೆ ಗಂಧ ತೆಳ್ಳಗಾಗುತ್ತದೆ, ಗಾಡಿ ಬರುತ್ತದೆ, ಹೂ ಬೀಳುತ್ತದೆ, ಕೊರಗಪ್ಪ ಉಳಿಯುತ್ತಾನೆ, ಆಮೇಲೆ ಮೋಟಾರು ಸದ್ದಿಲ್ಲದೆ ಮಾಯವಾಗುತ್ತದೆ. ಲಾಜಿಕ್ ಪ್ರಕಾರ ಎಲ್ಲ ಸರಿಯಾಗಿತ್ತು.

ಭಾನುವಾರ ಹನ್ನೊಂದು ಗಂಟೆಗೆ ಮೆಟ್ಟಿಲ ಕೆಳಗೆ ಕಾಲಿಡಲು ಜಾಗವಿರಲಿಲ್ಲ. ಕೊರಗಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ಪ್ಲಂಬರ ಪೈಪು ತಿರುಗಿಸುವ ಪಾನಾ ಹಿಡಿದು ಗೋಡೆಗೊರಗಿದ್ದ. ಶ್ರೀಮಂತನೂ ಇದ್ದ, ಎಲ್ಲರಿಗಿಂತ ಹಿಂದೆ, ಮೊಬೈಲು ನೋಡುತ್ತ. ಹನುಮವ್ವ ತಲೆಗೆ ನೀರು ಹಾಕಿಕೊಂಡು ಬಂದು ಕೂತಳು. ಗಂಧ ತೇಯ್ದಳು. ನಾನು ಹೆಬ್ಬೆರಳನ್ನೇ ನೋಡುತ್ತಿದ್ದೆ. ಬಲಗಡೆಯ ಹೂವಿಗೆ ದಪ್ಪ, ಎಡಗಡೆಯದಕ್ಕೆ ಬರೀ ಸೋಕಿಸಿದ ಹಾಗೆ.

"ಅವ್ವಾ, ಮೋಟಾರು ಕೊರಗಪ್ಪಣ್ಣಂದೇನು? ಹೌದಾದ್ರ ಬಲಕ್ಕ ಕೊಡು, ಇಲ್ಲಾದ್ರ ಎಡಕ್ಕ ಕೊಡು."

ಕಾದೆವು. ಹೂ ಅಲುಗಲಿಲ್ಲ. ಒಂದು ಊದುಬತ್ತಿ ಉರಿದು ಮುಗಿಯಿತು, ಇನ್ನೊಂದು ಹಚ್ಚಿದಳು. ಹೊರಗೆ ಕಾಗೆ ಕೂಗುವುದು ಸ್ಪಷ್ಟವಾಗಿ ಕೇಳಿಸುತ್ತಿತ್ತು. ಆಗ ನನಗೆ ಹೊಳೆಯಿತು. ನಮ್ಮ ಬಿಲ್ಡಿಂಗಿನಲ್ಲಿ ಕಾಗೆಯ ದನಿ ಅಷ್ಟು ಸ್ಪಷ್ಟವಾಗಿ ಕೇಳುವುದು ವಾರದಲ್ಲಿ ಒಂದೇ ದಿನ. ಹೂ ಕೇಳುವುದು ಯಾವತ್ತೂ ಮಂಗಳವಾರ. ಭಾನುವಾರ ಹಳಿ ರಿಪೇರಿಗೆಂದು ಗಾಡಿ ತಡೆಯುವ ಮೆಗಾಬ್ಲಾಕ್ ಇರುತ್ತದೆ ಎಂಬುದು, ಹುಟ್ಟಿದಾಗಿನಿಂದ ಈ ಊರಲ್ಲಿರುವ ಒಬ್ಬರಿಗೂ ನೆನಪಾಗಿರಲಿಲ್ಲ. ಗೋಡೆ ಪಕ್ಕದ ಹಳಿಯಲ್ಲಿ ಗ್ಯಾಂಗ್‌ಮನ್‌ಗಳು ಕೂತು ಊಟದ ಡಬ್ಬಿ ಬಿಚ್ಚಿದ್ದರು. ಫಾಸ್ಟ್ ಗಾಡಿಗಳನ್ನೆಲ್ಲ ಆಚೆಯ ಸ್ಲೋ ಹಳಿಗೆ ತಿರುಗಿಸಿದ್ದರು. ಅವು ಅಷ್ಟು ದೂರದಲ್ಲಿ ತೆವಳಿಕೊಂಡು ಹೋದರೆ ನನ್ನ ಲೋಟಗಳೇ ಅಲುಗುವುದಿಲ್ಲ.

ಹನುಮವ್ವ ನನ್ನ ಕಡೆ ನೋಡಿದಳು. ಅವಳಿಗೂ ಗೊತ್ತಾಗಿತ್ತು.

ದೇವಾನಂದ ಗಡಿಯಾರ ನೋಡಿದ. "ದೇವಿ ಇಲ್ಲ ಅಂತ ಹೇಳಿಲ್ಲ. ಅಂದ್ರ ಕಮಿಟಿ ಡಿಸಿಷನ್ನೇ ಫೈನಲ್. ಪ್ಲಂಬರ್, ಚಲೋ, ಕನೆಕ್ಷನ್ ಕಾಟೋ."

ಪ್ಲಂಬರ ಕೊರಗಪ್ಪನ ಬಾಗಿಲ ಕಡೆ ಹೊರಟ. ಕೊರಗಪ್ಪ ಅಡ್ಡ ಬರಲಿಲ್ಲ, ಅಂಗಿಯ ಗುಂಡಿಯನ್ನು ಬಿಚ್ಚುವುದು ಹಾಕುವುದು ಮಾಡುತ್ತ ನಿಂತಿದ್ದ. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ, ಬಾಯಿ ತೆರೆದೆ. ಆದರೆ ನನಗಿಂತ ಮೊದಲು ಹನುಮವ್ವ ಎದ್ದಿದ್ದಳು. ಇಷ್ಟು ವರ್ಷದಲ್ಲಿ ಯಾವತ್ತೂ ಮಾಡದ ಕೆಲಸ ಮಾಡಿದಳು. ದೇವಿಯ ಎಡಗಡೆಯ ಹೂವನ್ನು ತನ್ನ ಕೈಯಿಂದಲೇ ಕಿತ್ತಳು. ಮಂದಿ ಹೋ ಎಂದರು. ಅವಳು ಅದನ್ನು ಕೊರಗಪ್ಪನ ಅಂಗೈಯಲ್ಲಿಟ್ಟಳು.

"ಅವ್ವಗ ಇವತ್ತ ಮೆಗಾಬ್ಲಾಕ್ ಅದ. ಅದಕ್ಕ ನಾನೇ ಹೇಳ್ತೀನಿ. ಈ ಅಣ್ಣಂದು ತಪ್ಪಿಲ್ಲ. ಮೋಟಾರು ನನ್ನ ಮಗಂದು. ಅವ್ವನ ಬೆನ್ನಿಗಿ ಅದ, ಹೋಗಿ ನೋಡ್ರಿ."

ಯಾರೂ ನೋಡಲು ಹೋಗಲಿಲ್ಲ, ಎಲ್ಲರೂ ಶ್ರೀಮಂತನನ್ನು ನೋಡಿದರು. ಅವನು ಮೊಬೈಲನ್ನು ಜೇಬಿಗೆ ತುರುಕಿದ. "ಮಾ, ನಿನ್ನ ಸಲುವಾಗೇ ಮಾಡಿದ್ದು," ಎಂದ. "ಆ ಮೊಣಕಾಲಿಟ್ಕೊಂಡು ಕೊಡ ಹೊತ್ತು ಹತ್ತೋದು ನೋಡಕಾಗ್ತಿರಲಿಲ್ಲ. ನಿನ್ನ ಪೂಜಾಕೂ ಪಾನಿ ಆಯ್ತಲ್ಲ?"

"ಆತು, ಎರಡೆರಡು ಸಲ ಆತು," ಎಂದಳು ಅವಳು. "ಇವರ ಮಕ್ಕಳ ಬಾಯಿಂದು ಕಸದು ಅವ್ವನ ಮಾರಿ ತೊಳದೀನಿ. ಅಕಿ ಕಲ್ಲು, ಅಕೀಗಿ ಬಾಯಾರಿಕಿ ಇತ್ತೇನೋ? ಇಷ್ಟು ದಿನ ಮಂದಿ ಜಗಳ ಬಗಿಹರಿಸೀನಿ. ನಂದು ಬಂದಾಗ ಮಾರಿ ಮುಚಗೊಂಡ್ರ ನಾಳಿಗಿ ಯಾವ ಬಾಯಿಲೆ ಹೂ ಕೇಳ್ಲಿ?"

ಇಷ್ಟು ಮಂದಿಯ ಮುಂದೆ ಮಾನ ಕಳೆದೆ ಎಂದು ಶ್ರೀಮಂತ ಕೂಗಾಡಿದ. ಇನ್ನು ನನ್ನ ಮುಖ ನೋಡಬೇಡ, ಘಾಟ್ಕೋಪರಿನ ದೋಸ್ತನ ಮನೆಗೆ ಹೋಗುತ್ತೇನೆ ಎಂದು ಉಪಕರಣಗಳ ಚೀಲ ಹೆಗಲಿಗೇರಿಸಿ ಸ್ಟೇಷನ್ನಿನ ಕಡೆ ಹೊರಟ. ಅವಳು ತಡೆಯಲಿಲ್ಲ. ದೇವಾನಂದ ಕೆಮ್ಮಿ, ಕಮಿಟಿ ಮೊದಲಿನಿಂದಲೂ ಕೊರಗಪ್ಪನನ್ನು ನಂಬಿತ್ತು ಎನ್ನುವಂಥ ಏನೋ ಒಂದು ಮಾತಾಡಿ ಮೋಟಾರು ಕಳಚಿಸಿದ. ಕೊರಗಪ್ಪ ಹೂವನ್ನು ಕಿವಿಗೆ ಸಿಕ್ಕಿಸಿಕೊಂಡು, "ಎಂತ ಹೇಳುದು ಹನುಮವ್ವ, ನಂಗೆ ಖುಷಿ ಪಡ್ಲಿಕ್ಕೂ ಆಗುದಿಲ್ಲ" ಎಂದು ಒಳಗೆ ಹೋದ. ಮಂದಿ ಚದುರಿದರು.

ಹನುಮವ್ವ ಅಲ್ಲೇ ಕೂತಳು. ಊಟಕ್ಕೆ ಕರೆದೆ, ಬರಲಿಲ್ಲ. ಅನ್ನ ಸಾರು ತಂದಿಟ್ಟೆ, ಮುಟ್ಟಲಿಲ್ಲ. ಸಮಾಧಾನ ಹೇಳಲು ನನಗೆ ಬರುವುದಿಲ್ಲ. ಲಾಜಿಕ್ಕಿನಲ್ಲಿ ಅದಕ್ಕೆ ಪಾಠವಿಲ್ಲ. ಸುಮ್ಮನೆ ಪಕ್ಕದಲ್ಲಿ ಕೂತು ಅವಳ ಶೇವಂತಿಗೆ ಬುಟ್ಟಿಯಿಂದ ಹೂ ಆರಿಸಿ ಕೊಡುತ್ತಿದ್ದೆ, ಅವಳು ಕಟ್ಟುತ್ತಲೂ ಇರಲಿಲ್ಲ. ನಡುವೆ ಒಮ್ಮೆ ಎದ್ದು ಬಲಗಡೆಯ ಹೂ ತೆಗೆದು, ಹೊಸದಾಗಿ ಗಂಧ ತೇಯ್ದು, ಮತ್ತೆ ಅಲ್ಲೇ ಅಂಟಿಸಿ, ತುಟಿಯಲ್ಲೇ ಏನೋ ಕೇಳಿ ಕೂತಳು. ಎಡಗಡೆಗೆ ಹೂ ಇಡಲಿಲ್ಲ.

ಸಂಜೆ ಬ್ಲಾಕ್ ಮುಗಿಯಿತು. ದೂರದಿಂದ ಹಾರ್ನ್ ಕೇಳಿತು, ಗೋಡೆ ನಡುಗಿತು, ಮೇಲೆ ನನ್ನ ಲೋಟಗಳೂ ಮಾತಾಡಿರಬೇಕು. ಬಲಗಡೆಯ ಹೂ ಉದುರಿ ಅವಳ ಮಡಿಲಿಗೆ ಬಿತ್ತು. ಅವಳು ಅದನ್ನು ಮುಟ್ಟದೆ ನೋಡುತ್ತ ಕೂತಳು.

ಸ್ವಲ್ಪ ಹೊತ್ತಿಗೆ ಗೇಟಿನ ಸದ್ದಾಯಿತು. ಶ್ರೀಮಂತ ಹೆಗಲ ಚೀಲದ ಸಮೇತ ಬಂದು ನಿಂತ. ಕಣ್ಣು ಕೆಂಪಗಿತ್ತು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಮಧ್ಯಾಹ್ನವೆಲ್ಲ ಕೂತಿದ್ದನಂತೆ. ಸ್ಲೋ ಗಾಡಿಗಳಲ್ಲಿ ಕಾಲಿಡಲು ಜಾಗವಿರಲಿಲ್ಲ ಎಂದ. ಬ್ಲಾಕ್ ಮುಗಿದ ಮೇಲೆ ಗಾಡಿಗಳು ಖಾಲಿ ಬರುತ್ತವಲ್ಲ ಎಂದು ನಾನು ಕೇಳಲಿಲ್ಲ, ನನಗೂ ಅಷ್ಟು ಬುದ್ಧಿಯಿದೆ. ಅವನು ಚೀಲ ಕೆಳಗಿಟ್ಟು, ಮೂಲೆಯಲ್ಲಿದ್ದ ಅವ್ವನ ಕೊಡ ಎತ್ತಿಕೊಂಡು ನಳದ ಕಡೆ ನಡೆದ.

"ಮೊದಲ ಕೊರಗಪ್ಪಣ್ಣನ ಡ್ರಮ್ ತುಂಬು," ಎಂದಳು ಹನುಮವ್ವ, ತಲೆಯೆತ್ತದೆ.

ಅವನು ಹೋದ ಮೇಲೆ ನಾನು ಕೇಳಿದೆ, "ಏನು ಕೇಳಿದ್ದೆ ದೇವಿಗೆ?"

"ನನ್ನ ಮಗ ಬರ್ತಾನೇನು ಅಂತ."

ನನ್ನ ಹಳೆಯ ಚಾಳಿ ಎಲ್ಲಿ ಹೋಗಬೇಕು? ಬಗ್ಗಿ ಕಲ್ಲನ್ನು ನೋಡಿದೆ. ಬಲಗಡೆ ಅಂಟಿದ್ದ ಗಂಧ ತೆಳ್ಳಗಿರಲಿಲ್ಲ. ಬೆರಳಿನಷ್ಟು ದಪ್ಪ, ಹೂವಲ್ಲ, ತೆಂಗಿನಕಾಯಿ ಅಂಟಿಸಿದರೂ ನಿಲ್ಲುವಷ್ಟು. ನಾನು ಅದನ್ನೂ ಅವಳ ಹೆಬ್ಬೆರಳನ್ನೂ ನೋಡುತ್ತಿರುವುದನ್ನು ಅವಳು ಗಮನಿಸಿದಳು.

"ಬೇಕಂತಲೇ ದಪ್ಪ ಹಚ್ಚಿದ್ದೆ ಟೀಚರ್," ಎಂದು ಹೂವನ್ನು ಎತ್ತಿ ಮುಡಿದುಕೊಂಡಳು. "ದಿನಾ ನಾ ಹೇಳಿದ್ದೇ ಹೇಳ್ತಾಳ. ಇವತ್ತೊಂದಿನ ಅಕೀದು ಏನದ ಕೇಳಬೇಕನಿಸ್ತು."